ತಣ್ಣಗಿದ್ದ ಹಿತ್ತಾಳೆ

ಹೊಡೆದ ತೋಟಾದ ಹಿತ್ತಾಳೆ ಕೊಳವೆ ಆರಲು ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತು. ಬೇಸಿಗೆಯಲ್ಲಿ ಅಂಗೈಯೊಳಗೆ ಮುಚ್ಚಿ ಹಿಡಿದರೆ ನಿಧಾನವಾಗಿ ನಲವತ್ತು ಎಣಿಸುವವರೆಗೂ ಅದರ ಬಿಸಿ ತಿಳಿಯುತ್ತದೆ. ಮೋಡದ ದಿನ ಇಪ್ಪತ್ತೈದು. ಇದು ಯಾವ ಕೆಲಸಕ್ಕೂ ಬರುವ ವಿದ್ಯೆಯಲ್ಲ. ಆದರೂ ಒಂದು ಮಧ್ಯಾಹ್ನ ಈ ವಿದ್ಯೆ ನನ್ನ ಕೈಯಲ್ಲಿದ್ದು, ನಾನು ಅದನ್ನು ಬಳಸಲು ಕೆಲವು ನಿಮಿಷ ತಡಮಾಡಿದೆ. ಅಷ್ಟರಲ್ಲಿ ನನ್ನ ಗಂಡ ಮತ್ತೆ ರೈಫಲ್ಲಿನ ಮುಂದೆ ಕೂತಿದ್ದರು. ಅವರ ಮುಖಕ್ಕೂ, ತೋಟಾ ಹಾಕಿ ಮುಚ್ಚುವ ಅದರ ಬೋಲ್ಟಿಗೂ ಒಂದು ಗೇಣಿನ ಅಂತರವಿತ್ತು.

ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ನನ್ನ ಹಾಗೆ ಉಸಿರು ಹಿಡಿದು ಕೂರುವುದು ಬೇಡ. ಅವರು ಇವತ್ತು ಬೆಳಿಗ್ಗೆ ಕೂಡ ಎರಡು ಕಣ್ಣಿಂದಲೂ ಪೇಪರ್ ಓದಿ, ಕಾಫಿ ಸಪ್ಪೆ ಎಂದು ಹೇಳಿಯೇ ಕೆಲಸಕ್ಕೆ ಹೋದರು. ಆದರೆ ನನ್ನ ತಲೆಯೊಳಗೆ ಆ ಮಧ್ಯಾಹ್ನ ಇನ್ನೂ ಮುಗಿದಿಲ್ಲ.

ನಾವಿಬ್ಬರೂ ಮೈಸೂರಿನವರು, ಈಗ ಮನೆ ಅಮೆರಿಕದ ಪಶ್ಚಿಮ ಕರಾವಳಿಯ ಬಾಥೆಲ್‌ನಲ್ಲಿ. ನಾನು ಹತ್ತಿರದ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷಿಸುವವಳು. ದಿನವಿಡೀ ಸೂಕ್ಷ್ಮ ತಕ್ಕಡಿ, ಪಿಪೆಟ್ಟು, ಕೈಗವಸು. ಅವರು ಹತ್ತಿರದ ಊರು ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ವಿಮಾನದ ರೆಕ್ಕೆಯನ್ನು ಜೋಡಿಸುವಾಗ ಅದು ಅಲುಗದ ಹಾಗೆ ಹಿಡಿದು ನಿಲ್ಲಿಸುವ ಚೌಕಟ್ಟುಗಳನ್ನು ವಿನ್ಯಾಸ ಮಾಡುತ್ತಾರೆ. ಅಳತೆ ಎಂದರೆ ಅವರಿಗೆ ಇಷ್ಟ. ಮನೆಯಲ್ಲಿ ಗೋಡೆಗೆ ಕ್ಯಾಲೆಂಡರ್ ಹಾಕುವಾಗಲೂ ಮಟ್ಟಗೋಲು ಹುಡುಕುವ ಮನುಷ್ಯ.

ಅವರ ವಿಭಾಗದಲ್ಲಿ ಒಬ್ಬ ಹಿರಿಯ ಅಮೆರಿಕನ್ ಇದ್ದರು. ನಿವೃತ್ತಿಯಾಗುವ ವರ್ಷ ನನ್ನ ಗಂಡನನ್ನು ತಮ್ಮ ಶೆಡ್ಡಿಗೆ ಕರೆದುಕೊಂಡು ಹೋಗಿ, ತಾವು ಕೈಯಿಂದ ಮಾಡುತ್ತಿದ್ದ ಗುಂಡುಗಳನ್ನು ತೋರಿಸಿದರು. ರೈಫಲ್ ಸ್ಪರ್ಧೆಗೆ ಹೋಗುವವರು ಅವರಿಂದ ಗುಂಡು ಮಾಡಿಸಿಕೊಳ್ಳುತ್ತಿದ್ದರು. ಮನೆಗೆ ಬಂದ ಇವರ ಕಣ್ಣು ಹೊಸ ಸೈಕಲ್ ನೋಡಿದ ಹುಡುಗನ ಕಣ್ಣಾಗಿತ್ತು. ನಾವು ಮನೆಯಲ್ಲಿ ಆ ಹಿರಿಯರನ್ನು ತಾತ ಎಂದೇ ಕರೆಯುತ್ತಿದ್ದೆವು. ಅವರಿಗೂ ಅದರ ಅರ್ಥ ಹೇಳಿದ್ದೆವು, ಬೇಜಾರು ಮಾಡಿಕೊಳ್ಳಲಿಲ್ಲ.

ಈ ಆಟದಲ್ಲಿ ಬೇಟೆಯಿಲ್ಲ. ಇನ್ನೂರು ಗಜ ದೂರದಲ್ಲಿ ಒಂದು ಕಾಗದ ನಿಲ್ಲಿಸಿರುತ್ತಾರೆ. ಕಾಂಕ್ರೀಟಿನ ಬೆಂಚಿನ ಮೇಲೆ ಮರಳು ಚೀಲ, ಅದರ ಮೇಲೆ ರೈಫಲ್, ಹಿಂದೆ ಸ್ಟೂಲು. ಕೂತು ಐದು ಸಲ ಹೊಡೆಯಬೇಕು, ಐದು ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆಯುತ್ತಾರೆ, ಅಷ್ಟೇ. ತುಂಬ ಚೆನ್ನಾಗಿ ಹೊಡೆದವರ ಕಾಗದದಲ್ಲಿ ಐದು ತೂತು ಕಾಣುವುದೇ ಇಲ್ಲ. ಅಂಚು ಹರಿದ ಒಂದೇ ತೂತು ಕಾಣುತ್ತದೆ.

ಅಷ್ಟು ಕರಾರುವಾಕ್ಕಾಗಿ ಹೋಗಬೇಕಾದರೆ ಒಂದು ಗುಂಡು ಇನ್ನೊಂದರ ಹಾಗೆಯೇ ಇರಬೇಕು. ಅಂಗಡಿಯ ಗುಂಡು ಅಷ್ಟು ಸಮ ಇರುವುದಿಲ್ಲವೆಂದು ಇವರು ತಾತನ ಬಳಿ ಮಾಡುವುದನ್ನೇ ಕಲಿತರು. ನಮ್ಮ ಗ್ಯಾರೇಜಿನಲ್ಲಿ ಕಾರಿನ ಜಾಗಕ್ಕೆ ಒಂದು ಕೈಪ್ರೆಸ್ಸು ಬಂತು. ಕಡಲೆಕಾಯಿ ಸಿಪ್ಪೆಯಷ್ಟು ತೆಳ್ಳಗಿನ ತಾಮ್ರದ ಪುಟ್ಟ ಬಟ್ಟಲು, ಅದರೊಳಗೆ ಸೀಸದ ತುಂಡು, ಎರಡನ್ನೂ ಅಚ್ಚಿನಲ್ಲಿಟ್ಟು ಹಿಡಿ ಒತ್ತಿದರೆ ಒಂದು ಗುಂಡು. ಲೋಹ ಅಚ್ಚಿಗೆ ಕಚ್ಚಿಕೊಳ್ಳದಿರಲೆಂದು ಕುರಿಯುಣ್ಣೆಯ ಜಿಡ್ಡು ಸವರುತ್ತಿದ್ದರು. ಮೊದಲ ದಿನ ಆ ಡಬ್ಬಿಯ ಮುಚ್ಚಳ ತೆಗೆದಾಗ ನನಗೆ ಒದ್ದೆ ಕಂಬಳಿಯ ವಾಸನೆ ಬಂತು. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಹಾಲು ತರುತ್ತಿದ್ದವನು ನಮ್ಮ ಬಾಗಿಲಲ್ಲಿ ನಿಂತ ಹಾಗೆ. ಬಾಥೆಲ್‌ನ ಗ್ಯಾರೇಜಿನಲ್ಲಿ ಆ ವಾಸನೆ ಬಂದರೆ ಯಾರಿಗಾದರೂ ಅಲ್ಲೇ ಕೂರಬೇಕು ಅನ್ನಿಸುತ್ತದೆ. ನಾನೂ ಕೂತೆ.

ಹಾಗೆ ತೂಕ ಮಾಡುವುದು ನನ್ನ ಕೆಲಸವಾಯಿತು. ಶನಿವಾರ ಬೆಳಿಗ್ಗೆ ಮಗಳು ಈಜು ಕಲಿಯಲು ಹೋದಾಗ ಅವರು ಒತ್ತುವುದು, ನಾನು ಒಂದೊಂದನ್ನೇ ತಕ್ಕಡಿಗಿಟ್ಟು ಬೇರೆ ಮಾಡುವುದು. ತಾತ ನನ್ನ ಕೈ ನೋಡಿ, ಲ್ಯಾಬಿನವಳು ಸಿಕ್ಕಿದ್ದು ಇವನ ಪುಣ್ಯ ಎಂಬರ್ಥದಲ್ಲಿ ಏನೋ ಹೇಳಿದ್ದರು. ತೂಕ ತಪ್ಪಿದವನ್ನು ಉಪ್ಪಿನಕಾಯಿ ಬಾಟಲಿಗೆ ಹಾಕುತ್ತಿದ್ದೆ. ಕೂದಲೆಳೆಯಷ್ಟು ಹೆಚ್ಚಿದ್ದರೂ ನಾನು ಬಿಡುತ್ತಿರಲಿಲ್ಲ, ಅವರು ಚೌಕಾಸಿ ಮಾಡುತ್ತಿದ್ದರು.

"ಅದನ್ನ ಪಾಸ್ ಮಾಡೇ, ಪಾಪ. ಗ್ರೇಸ್ ಮಾರ್ಕ್ಸ್ ಕೊಡು."

"ನಿಮ್ಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಮದ್ವೆ ಆಗಿದೀನಿ. ಇನ್ನು ಸ್ಟಾಕ್ ಇಲ್ಲ."

ಹದಿಮೂರು ವರ್ಷದ ಸಂಸಾರದಲ್ಲಿ ನಾವು ಅಷ್ಟು ಹೊತ್ತು ಅಕ್ಕಪಕ್ಕ ಕೂತದ್ದು ಅದಕ್ಕೆ ಮೊದಲು ನೆನಪಿಲ್ಲ. ಅವರ ಶಿಫ್ಟು, ನನ್ನ ಲ್ಯಾಬು, ಮಗುವಿನ ಕಿವಿನೋವು, ಎರಡೂ ಕಡೆಯ ಅಮ್ಮಂದಿರ ಫೋನು, ಇವುಗಳ ನಡುವೆ ನಾವು ಒಬ್ಬರಿಗೊಬ್ಬರು ಬರೀ ಸಂದೇಶ ದಾಟಿಸುವವರಾಗಿಬಿಟ್ಟಿದ್ದೆವು. ಗ್ಯಾರೇಜಿನಲ್ಲಿ ಮಾತು ಕಡಿಮೆಯೇ ಇತ್ತು, ಆದರೆ ಆ ಮೌನಕ್ಕೆ ಬೇರೆ ರುಚಿ. ಪ್ರೆಸ್ಸಿನ ಹಿಡಿ ಕೆಳಗೆ ಬರುವ ಸದ್ದಿಗೆ ನನ್ನ ಉಸಿರು ಹೊಂದಿಕೊಳ್ಳುತ್ತಿತ್ತು.

ಕನ್ನಡದ ಗೆಳೆಯರಿಗೆ ಇದು ದೊಡ್ಡ ತಮಾಷೆ. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಒಬ್ಬರು ಇವರ ಬೆನ್ನು ತಟ್ಟಿ, "ಸೊಳ್ಳೆ ಹೊಡ್ಯೋಕೆ ಹತ್ತು ಸಲ ಯೋಚ್ನೆ ಮಾಡೋ ಪುಳಿಚಾರು, ನೀನು ಬುಲೆಟ್ ಮಾಡ್ತೀಯೇನಯ್ಯ?" ಎಂದು ಕೇಳಿದ್ದರು. ಇವರು ಪುಳಿಯೋಗರೆಯ ತಟ್ಟೆಯಿಂದ ಕಣ್ಣೆತ್ತದೆ, "ಕಾಗ್ದಕ್ಕೆ ಪ್ರಾಣ ಇಲ್ವಲ್ಲ" ಎಂದರು.

ತಾತನಿಗೆ ನನ್ನ ಕೋಡುಬಳೆ ಪ್ರಾಣ. ಒಂದು ಸಲ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟು ಕಳಿಸಿದ್ದೆ. ಖಾಲಿ ಮಾಡಿ ತೊಳೆದು ತಂದಾಗ, ನಮ್ಮಲ್ಲಿ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ ಎಂದು ಮಾತಿಗೆ ಹೇಳಿದೆ. ಅವರು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ ಡಬ್ಬಿಯನ್ನು ನನ್ನ ಕೈಗೆ ಕೊಡದೆ ವಾಪಸ್ ಒಯ್ದರು. ಮುಂದಿನ ವಾರ ಅದರ ತುಂಬ ಗುಂಡು. ತಾವೇ ಒತ್ತಿ, ಒರೆಸಿ, ಚೂಪು ಮೂಗು ಮೇಲೆ ಮಾಡಿ ಕೋಡುಬಳೆಯ ಹಾಗೆಯೇ ಸುತ್ತುಸುತ್ತಾಗಿ ಜೋಡಿಸಿದ್ದರು. ನಾನು ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಯಾಕೆ ಎಂದು ಈಗಲೂ ಗೊತ್ತಿಲ್ಲ.

ಅದೇ ತಾತ ನನಗೆ ರೇಂಜಿನಲ್ಲಿ, ಅಂದರೆ ಗುಂಡು ಹೊಡೆಯುವ ಮೈದಾನದಲ್ಲಿ, ಹೇಳಿದ ಮೊದಲ ನಿಯಮ: ಒಳಗೆ ಹೋದ ತೋಟಾ ಹೊಡೆದೇ ಹೊರಗೆ ಬರಬೇಕು. ಕಾರಣವನ್ನೂ ವಿವರಿಸಿದ್ದರು. ತೋಟಾ ಎಂದರೆ ಹಿತ್ತಾಳೆಯ ಕೊಳವೆ, ತಳದಲ್ಲಿ ಕಿಡಿ ಕೊಡುವ ಬಿಲ್ಲೆ, ಒಳಗೆ ಕರಿಯ ಮದ್ದು, ಬಾಯಲ್ಲಿ ಕೂರಿಸಿದ ಗುಂಡು. ಈ ಸ್ಪರ್ಧೆಯವರು ಗುಂಡನ್ನು ಕೊಳವೆಯ ಬಾಯಲ್ಲಿ ತೀರ ಸಡಿಲವಾಗಿ, ತೀರ ಮುಂದಕ್ಕೆ ಕೂರಿಸುತ್ತಾರೆ. ಬೋಲ್ಟ್ ಮುಚ್ಚಿದಾಗ ಗುಂಡಿನ ಮೂಗು ನಳಿಗೆಯೊಳಗಿನ ಗೆರೆಗಳಿಗೆ ಕಚ್ಚಿಕೊಳ್ಳುತ್ತದೆ. ಹಾಗಿದ್ದರೆ ಗುರಿ ಇನ್ನೂ ನಿಖರ. ಆದರೆ ಹೊಡೆಯದೆ ಬೋಲ್ಟ್ ಎಳೆದರೆ ಗುಂಡು ನಳಿಗೆಯಲ್ಲೇ ಉಳಿದು ಬರೀ ಕೊಳವೆ ಹೊರಗೆ ಬರಬಹುದು. ಆಮೇಲೆ ಅದರ ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದರೆ ಬೆಂಕಿಗೆ ಮುಂದಕ್ಕೆ ದಾರಿಯಿಲ್ಲ, ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಹೊಡೆಯುವವನ ಮುಖ. ನಾನು ತಲೆಯಾಡಿಸಿದ್ದೆ. ಕಾಲೇಜಿನಲ್ಲೂ ಎಷ್ಟೋ ಪಾಠಕ್ಕೆ ಹಾಗೆ ತಲೆಯಾಡಿಸಿ ಪಾಸಾದವಳು.

ಎರಡನೆಯ ನಿಯಮ ನಮ್ಮಿಬ್ಬರದೇ. ಅದು ಹುಟ್ಟಿದ್ದು ನನ್ನಿಂದ. ಒಂದು ಸ್ಪರ್ಧೆಯಲ್ಲಿ ಅವರ ನಾಲ್ಕು ಗುಂಡು ಒಂದೇ ತೂತಿನಲ್ಲಿ ಹೋಗಿದ್ದವು. ಐದನೆಯದಕ್ಕೆ ಬೆರಳು ಒತ್ತುತ್ತಿದ್ದಾಗ ರೇಂಜಿನ ಬಾವುಟ ಮಗುಚಿದ್ದು ಕಂಡು "ಗಾಳಿ ತಿರುಗ್ತು" ಎಂದುಬಿಟ್ಟೆ. ಅವರು ಬೆಚ್ಚಿದರು. ಐದನೆಯದು ಬೇರೆ ಊರಿಗೆ ಹೋಯಿತು. ಮನೆ ಬಂದ ಮೇಲೆ ಇಂಜಿನ್ ಆಫ್ ಮಾಡಿ, ಸ್ಟಿಯರಿಂಗ್ ನೋಡಿಕೊಂಡೇ, "ಬೆಂಚಲ್ಲಿ ಕೂತಾಗ ಮಾತ್ರ ಮಾತಾಡ್ಬೇಡ ಕಣೇ" ಎಂದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದರಿಂದ ಅದು ನನ್ನೊಳಗೆ ಮೊಳೆಯ ಹಾಗೆ ಇಳಿಯಿತು. ಅವರು ಕಿವಿಗೆ ಹಾಕಿಕೊಳ್ಳುತ್ತಿದ್ದ ರಕ್ಷಾಕವಚ ಬ್ಯಾಟರಿಯದು, ಗುಂಡಿನ ಸದ್ದನ್ನು ತಡೆದು ಮಾತನ್ನು ಮಾತ್ರ ಬಿಡುತ್ತಿತ್ತು. ಆಮೇಲಿಂದ ಬೆಂಚಿಗೆ ಕೂರುವಾಗ ಆ ಮಾತಿನ ಗುಂಡಿಯನ್ನೂ ತಿರುಗಿಸಿ ಆರಿಸುತ್ತಿದ್ದರು. ನನಗೆ ಕಾಣದ ಹಾಗೆ ಮಾಡುತ್ತಿದ್ದರು, ಪಾಪ. ನನಗೆ ಕಾಣುತ್ತಿತ್ತು.

ಹಾಗಾಗಿ ಬೆಂಚಿನಲ್ಲಿ ನಮ್ಮ ಸಂಭಾಷಣೆಯೆಲ್ಲ ಕೈಯಲ್ಲಿ. ನಾನು ಅವರ ಎಡಕ್ಕೆ ಸ್ವಲ್ಪ ಹಿಂದೆ, ತೊಡೆಯ ಮೇಲೆ ತೋಟಾಗಳ ಮರದ ಹಲಗೆ ಇಟ್ಟುಕೊಂಡು ಕೂರುತ್ತಿದ್ದೆ. ಹೊಡೆದಾದ ಮೇಲೆ ಅವರು ಕಣ್ಣು ತಿರುಗಿಸದೆ ಎಡಗೈಯನ್ನು ಹಿಂದಕ್ಕೆ ಚಾಚಿ ಖಾಲಿ ಕೊಳವೆ ಕೊಡುವರು. ನಾನು ಮುಂದಿನ ತೋಟಾವನ್ನು ಅದೇ ಅಂಗೈಗೆ ಇಡುವೆ. ಖಾಲಿಯಾದದ್ದನ್ನು ತಳ ಮೇಲೆ ಮಾಡಿ ಹಲಗೆಯ ಗುಳಿಗೆ ನಿಲ್ಲಿಸುವೆ. ಎಷ್ಟು ತಳ ಕಾಣುತ್ತದೋ ಅಷ್ಟು ಹೊಡೆದಾಯಿತು ಎಂದು ಲೆಕ್ಕ. ಸಣ್ಣ ಕ್ಲಬ್ಬು, ಯಾರೂ ಅಡ್ಡಿ ಹೇಳುತ್ತಿರಲಿಲ್ಲ. ಚಳಿಯ ದಿನಗಳಲ್ಲಿ ನಾನು ಆ ಕೊಳವೆಯನ್ನು ತಕ್ಷಣ ನಿಲ್ಲಿಸುತ್ತಿರಲಿಲ್ಲ. ಮುಷ್ಟಿಯಲ್ಲಿ ಹಿಡಿದು ಬೆರಳು ಕಾಯಿಸಿಕೊಳ್ಳುತ್ತಿದ್ದೆ. ಅವರ ಕೈಯಿಂದ ನನ್ನ ಕೈಗೆ ಬಂದ ಒಂದು ಬಿಸಿ. ಹೀಗೆ ಬರೆದರೆ ಅತಿಯಾಯಿತೇನೋ, ಆದರೆ ಆಗ ಹಾಗೇ ಅನ್ನಿಸುತ್ತಿತ್ತು.

ಆ ದಿನ ಬೇಸಿಗೆಯ ಕೊನೆಯ ಒಂದು ಭಾನುವಾರ. ಎವರೆಟ್‌ನಿಂದ ಪೂರ್ವಕ್ಕೆ, ಬೆಟ್ಟದ ಬುಡದಲ್ಲಿರುವ ರೇಂಜು. ಮಗಳನ್ನು ಪಕ್ಕದ ಊರು ಶೋರ್‌ಲೈನ್‌ನ ಗೆಳತಿಯ ಮನೆಯಲ್ಲಿ ಬಿಟ್ಟು ಬಂದಿದ್ದೆವು. ಊಟಕ್ಕೆ ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ. ಹಿಂದಿನ ಮೇಜಿನಲ್ಲಿ ತಿಂದು, ಸೀಸದ ಭಯಕ್ಕೆ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದು, ಬೆಂಚಿಗೆ ಹೋದೆವು. ಇವರದು ಕೊನೆಯ ಸುತ್ತು. ಮೊದಲ ಮೂರು ಹೊಡೆದರು. ದುರ್ಬೀನಿನಲ್ಲಿ ನೋಡಿದರೆ ಒಂದೇ ತೂತು. ನಾನು ನಾಲ್ಕನೆಯ ತೋಟಾ ಕೊಟ್ಟೆ, ಅವರು ಒಳಗಿಟ್ಟು ಬೋಲ್ಟ್ ಮುಚ್ಚಿದರು.

ಆಗ ಬಲಗಡೆಯ ಸಾಲುಮರದಿಂದ ಒಂದು ಜಿಂಕೆ ನೇರ ಕಾಗದಗಳ ಹತ್ತಿರಕ್ಕೆ ನಡೆದು ಬಂತು. ಹಿಂದೆ ಅದರ ಮರಿ. ರೇಂಜಿನ ಅಧಿಕಾರಿ ಎಲ್ಲರೂ ನಿಲ್ಲಿಸಿ, ಬೋಲ್ಟ್ ತೆಗೆಯಿರಿ, ಹಳದಿ ಗೆರೆಯ ಹಿಂದಕ್ಕೆ ಬನ್ನಿ ಎಂದು ಧ್ವನಿವರ್ಧಕದಲ್ಲಿ ಕೂಗಿದರು. ನಿಲ್ಲಿಸಿ ಎಂದರೆ ನಿಲ್ಲಿಸಲೇಬೇಕು, ಅಲ್ಲಿ ತಾತನ ನಿಯಮ ನಡೆಯುವುದಿಲ್ಲ. ಇವರು ಜಿಂಕೆಯನ್ನು ನೋಡುತ್ತಲೇ ಬೋಲ್ಟ್ ಎಳೆದರು. ಎಂದಿನ ಹಾಗೆ ಎಡಗೈ ಹಿಂದಕ್ಕೆ ಬಂತು. ನಾನೂ ಜಿಂಕೆಯನ್ನು ನೋಡುತ್ತಲೇ ಕೊಳವೆಯನ್ನು ತೆಗೆದುಕೊಂಡೆ.

ತಣ್ಣಗಿತ್ತು.

ಅದು ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ನನ್ನ ಚರ್ಮಕ್ಕೆ ತಿಳಿಯಿತು, ಆದರೆ ಮರಿ ಅಷ್ಟರಲ್ಲಿ ಒಂದು ಹೆಜ್ಜೆ ಹಾರಿತು. ಎದ್ದು ನಿಲ್ಲುವಾಗ ಬೆಂಚಿನ ಮೇಲೆ, ಮರಳು ಚೀಲದ ಪಕ್ಕ, ಸಣ್ಣ ಕರಿಯ ಕಾಳುಗಳು ಬಿದ್ದಿದ್ದು ಕಂಡಿತು. ಮದ್ದು ತುಂಬುವ ಕೆಲಸ ಅವರೊಬ್ಬರೇ ಮಾಡುತ್ತಿದ್ದರು, ಆ ಹೊತ್ತಿನಲ್ಲಿ ನಾನು ಗ್ಯಾರೇಜಿಗೆ ಹೋಗುತ್ತಿರಲಿಲ್ಲ. ಮದ್ದಿನ ಕಾಳು ಹತ್ತಿರದಿಂದ ನೋಡಿದವಳಲ್ಲ. ನನ್ನ ತೋಳಿನಿಂದ ಹುಚ್ಚೆಳ್ಳು ಉದುರಿದೆ ಎಂದುಕೊಂಡೆ. ಸ್ಪರ್ಧೆಯ ಬೆಂಚಿನ ಮೇಲೆ ಚಟ್ನಿಪುಡಿ! ನಾಚಿಕೆಯಾಗಿ, ಯಾರೂ ನೋಡುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿದೆ. ಅಮ್ಮ ನೋಡಿದ್ದರೆ ಮೆಚ್ಚುತ್ತಿದ್ದರು, ಅಷ್ಟು ಚೊಕ್ಕಟ. ಕೊಳವೆಯನ್ನು ತಳ ಮೇಲೆ ಮಾಡಿ ಹಲಗೆಗೆ ನಿಲ್ಲಿಸಿದೆ. ನಾಲ್ಕು.

ಗೆರೆಯ ಹಿಂದೆ ನಿಂತು ಎಲ್ಲರೂ ನೋಡಿದೆವು. ಮರಿ ಒಂದು ಕಾಗದದ ಮುಂದೆ ನಿಂತು ಮೂಗು ಚಾಚಿತು. ಇವರು ನನ್ನ ಹೆಗಲ ಮೇಲೆ ಕೈ ಹಾಕಿ, "ನೋಡೇ, ಸ್ಕೋರ್ ಓದ್ತಾ ಇದೆ" ಎಂದರು. ಅವತ್ತಿನ ಅತ್ಯಂತ ಸಂತೋಷದ ಗಳಿಗೆ ಅದು. ಅದನ್ನು ನಾನು ಉಳಿಸಿಕೊಂಡಿದ್ದೇನೆ, ಉಳಿದದ್ದರ ಜೊತೆ ಕಲಸಿಹೋಗಲು ಬಿಟ್ಟಿಲ್ಲ.

ಜಿಂಕೆಗಳು ಕಾಡು ಸೇರಿದವು. ಮತ್ತೆ ಶುರುಮಾಡಿ ಎಂದರು. ಇವರು ಕೂತು ಕಿವಿಯ ಗುಂಡಿ ತಿರುಗಿಸಿ, ಜಿಂಕೆಯ ಗದ್ದಲದಲ್ಲಿ ಎಣಿಕೆ ಮರೆತವರಂತೆ ನನ್ನ ಹಲಗೆಯನ್ನು ನೋಡಿದರು. ನಾಲ್ಕು ತಳ. ದುರ್ಬೀನಿನಲ್ಲಿ ಕಾಗದ ನೋಡಿದರು. ಹರಿದ ಒಂದೇ ತೂತು. ಅದರಲ್ಲಿ ಮೂರು ಹೋಗಿವೆಯೋ ನಾಲ್ಕೋ ಹೇಳುವವರು ಯಾರು? ಅಷ್ಟು ಚೆನ್ನಾಗಿ ಹೊಡೆದಿರದಿದ್ದರೆ ಎಣಿಸಿಯೇ ಗೊತ್ತಾಗುತ್ತಿತ್ತು. ಕೈ ಚಾಚಿದರು. ನಾನು ಐದನೆಯದನ್ನು ಇಟ್ಟೆ.

ಬೋಲ್ಟ್ ಮುಂದಕ್ಕೆ ಹೋಗಿ ನಿಂತಿತು. ಅವರು ಸ್ವಲ್ಪ ಹಿಂದೆಳೆದು ಮತ್ತೆ ಒತ್ತಿದರು. ಆ ತೋಟಾಗಳು ಯಾವಾಗಲೂ ಕೊಂಚ ಬಿಗಿಯೇ, ಕೈಗೆ ಅದು ಅಭ್ಯಾಸ. ಮೂರನೆಯ ಸಲ ಅಂಗೈಯ ಬುಡದಿಂದ ಒತ್ತಿದರು. ಹಿಡಿ ಕೆಳಗೆ ಇಳಿಯಲು ಶುರುವಾಯಿತು.

ಆ ಹೊತ್ತಿಗೆ ನನ್ನ ಕೈ ತಾನಾಗಿಯೇ ಆ ನಾಲ್ಕನೆಯ ಕೊಳವೆಯನ್ನು ಮುಟ್ಟಿತ್ತು. ಬಿಸಿ ಉಳಿದಿರಲು ಸಾಧ್ಯವೇ ಇಲ್ಲ, ಅಷ್ಟು ಹೊತ್ತಾಗಿತ್ತು. ಆದರೆ ನೆನಪು ವಾಪಸ್ ಬಂತು. ಕೊಟ್ಟಾಗಲೇ ತಣ್ಣಗಿತ್ತು. ಬಗ್ಗಿ ನೋಡಿದೆ. ಮೂರು ಕೊಳವೆಗಳ ತಳದ ಬಿಲ್ಲೆಯಲ್ಲಿ, ಹೊಡೆದಾಗ ರೈಫಲ್ಲಿನ ಸೂಜಿ ಕುಟ್ಟಿದ ಗುಳಿ ಇತ್ತು. ನಾಲ್ಕನೆಯದರ ಬಿಲ್ಲೆ ಕನ್ನಡಿಯ ಹಾಗೆ ನುಣುಪು.

ನಾನು ಮಾತಾಡಲಿಲ್ಲ. ಇದೇ ನಾನು ದಿನವೂ ತಿರುಗಿ ನೋಡುವ ಜಾಗ. ಮಾತಾಡ್ಬೇಡ ಕಣೇ ಎಂದದ್ದು ಅಡ್ಡ ನಿಂತಿತ್ತು. ತಪ್ಪಾಗಿದ್ದರೆ? ಕೊನೆಯ ಗುಂಡು, ಇಷ್ಟು ಒಳ್ಳೆಯ ಸುತ್ತು, ಮತ್ತೆ ನಾನೇ ಹಾಳು ಮಾಡಿದರೆ? ಒಂದು ಉಸಿರಿನಷ್ಟು ಕಾಲ ನಾನು ಒಂದು ತಟ್ಟೆಯಲ್ಲಿ ಅವರ ಕಣ್ಣು, ಇನ್ನೊಂದರಲ್ಲಿ ಅವರ ಬೇಜಾರು ಇಟ್ಟು ತೂಗಿದೆ. ತೂಕ ಮಾಡುವುದೇ ನನ್ನ ಕಸುಬಲ್ಲವೇ. ಆಮೇಲೆ "ರೀ" ಎಂದೆ. ಅವರಿಗೆ ಕೇಳಿಸಲಿಲ್ಲ. ಕಿವಿ ಆರಿಸಿಕೊಂಡಿದ್ದರು, ನನ್ನಿಂದಲೇ.

ಬಗ್ಗಿ, ಬೋಲ್ಟಿನ ಮೇಲಿದ್ದ ಅವರ ಕೈಯ ಮೇಲೆ ನನ್ನ ಕೈ ಇಟ್ಟೆ.

ತೋಟಾ ತುಂಬಿದವರನ್ನು ಮುಟ್ಟಬಾರದು. ರೇಂಜಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಅವರು ತಿರುಗಿದಾಗ ಮುಖದಲ್ಲಿ ಇದ್ದದ್ದು ಸಿಟ್ಟೇ. ಒಂದು ಕಿವಿಯ ಕವಚ ಎತ್ತಿದರು.

"ಏನೇ?"

"ಹಿಂದಿನದು ತಣ್ಣಗಿತ್ತು ರೀ. ನೀವು ಕೊಟ್ಟಾಗ್ಲೇ."

ಅವರಿಗೆ ಅರ್ಥವಾಗಲು ಬೇಕಾದ ಹೊತ್ತನ್ನು ನಾನು ಅವರ ಕೈಯಲ್ಲೇ ಅಳೆದೆ. ಮೊದಲು ಬಿಗಿಯಾಗಿತ್ತು. ಆಮೇಲೆ ನಿಧಾನವಾಗಿ ಒಳಗಿನ ಮೂಳೆಯೇ ಇಲ್ಲದ ಹಾಗಾಯಿತು. ಹಿಡಿಯನ್ನು ಮೆಲ್ಲಗೆ ಮೇಲೆತ್ತಿ, ಬೋಲ್ಟ್ ಎಳೆದು, ತೋಟಾ ಹೊರತೆಗೆದು ಬೆಂಚಿನ ಮೇಲಿಟ್ಟರು. ಅದರ ಗುಂಡು ಕೊಳವೆಯೊಳಕ್ಕೆ ಹೂತು ಓರೆಯಾಗಿತ್ತು. ಎದುರಿಗೆ ಏನೋ ತಡೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವರು ಎರಡೂ ಕೈ ಮೇಲೆತ್ತಿ ಅಧಿಕಾರಿಯನ್ನು ಕರೆದರು. ಎಲ್ಲರೂ ಮತ್ತೆ ನಿಂತರು. ತಾತ ಮೂರು ಬೆಂಚು ಆಚೆಯಿಂದ ಬಂದರು.

ನಳಿಗೆಯ ಮುಂದಿನಿಂದ ಸರಳು ತೂರಿಸಿ ತಾತ ಮೆಲ್ಲಗೆ ತಟ್ಟಿದರು. ಹಿಂದೆ ಹಾಸಿದ್ದ ಟವೆಲಿನ ಮೇಲೆ ಒಂದು ಗುಂಡು ಬಿತ್ತು. ಹೊಳೆಯುತ್ತಿತ್ತು, ಮೂಗಿನ ಸುತ್ತ ಮಾತ್ರ ಗೆರೆಗಳ ಹಲ್ಲಿನ ಗುರುತು. ನಮ್ಮ ಗ್ಯಾರೇಜಿನದು. ನಾನೇ ತೂಗಿ ಪಾಸು ಮಾಡಿದ್ದು. ತಾತ ಹೂತುಹೋದ ತೋಟಾವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಸಲ ಒತ್ತಿದ್ದರೆ ಮುಚ್ಚುತ್ತಿತ್ತೋ ಇಲ್ಲವೋ ತಾನು ಹೇಳಲಾರೆ ಎಂದರು. ಆಮೇಲೆ ಇವರ ಸ್ಟೂಲಿನ ಮೇಲೆ ಕೂತು ಎರಡು ಕೈಗಳನ್ನೂ ಮೊಣಕಾಲುಗಳ ನಡುವೆ ಇಟ್ಟುಕೊಂಡರು. ಹಿಂದೆ ಇಂಥದ್ದೇ ತಪ್ಪು ಮಾಡಿದ ಒಬ್ಬನನ್ನು ಕಂಡಿದ್ದರಂತೆ. ಹೋಗುವಾಗ ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ.

ವಾಪಸ್ ಬರುವಾಗ ಇವರು ದಾರಿಯಲ್ಲಿ ಒಂದು ದಿನಸಿ ಅಂಗಡಿಯ ಪಾರ್ಕಿಂಗಿಗೆ ಕಾರು ತಿರುಗಿಸಿ ನಿಲ್ಲಿಸಿದರು. ಜನ ತಳ್ಳುಗಾಡಿ ಉರುಳಿಸಿಕೊಂಡು ಹೋಗುತ್ತಿದ್ದರು. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಮೊದಲು ನನಗೆ ಕೊಟ್ಟರು. ಮುಚ್ಚಳ ಕೈ ಬದಲಾಗುವಾಗ ಕಾಫಿ ನನ್ನ ಚೂಡಿದಾರದ ಮೇಲೆ ಚೆಲ್ಲಿತು. ನಾನು ಅದನ್ನು ಒರೆಸಲಿಲ್ಲ. ಒರೆಸುವುದು ಎಂದರೆ ಆ ಕರಿಯ ಕಾಳು ನೆನಪಾಗುತ್ತಿತ್ತು.

ಮನೆಯಲ್ಲಿ ಅವರು ರೈಫಲ್ಲನ್ನು ಬೀರುವಿಗಿಟ್ಟು ಬೀಗ ಹಾಕಿದರು. ಪ್ರೆಸ್ಸಿನ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದರು. ಇನ್ನು ಸಾಕು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಶನಿವಾರಗಳು ಸುಮ್ಮನಾದವು. ಅವರು ಟಿವಿ ಮುಂದೆ, ನಾನು ಬಟ್ಟೆ ಮಡಚುತ್ತ. ಮತ್ತೆ ಸಂದೇಶ ದಾಟಿಸುವವರಾದೆವು. ಅಪಾಯದಿಂದ ಅವರು ಉಳಿದರು, ಆದರೆ ಗ್ಯಾರೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಹೋದರು ಅನ್ನಿಸತೊಡಗಿತು.

ನನಗೆ ಬೇರೆ ಚಟ ಹತ್ತಿತ್ತು. ಲ್ಯಾಬಿನಲ್ಲಿ ಕೈಗವಸು ಹಾಕಿದ ತಕ್ಷಣ ಏನೋ ತಪ್ಪಿಸಿಕೊಳ್ಳುತ್ತಿದ್ದೇನೆ ಅನ್ನಿಸಿ ತೆಗೆದುಬಿಡುತ್ತಿದ್ದೆ. ಮನೆಯಲ್ಲಿ ಕಂಡದ್ದನ್ನೆಲ್ಲ ಮುಟ್ಟಿ ನೋಡುತ್ತಿದ್ದೆ. ಕಾಫಿ ಲೋಟ, ಒಲೆ, ಕಾರಿನ ಬಾನೆಟ್ಟು. ಮಗಳ ಹಣೆಯನ್ನಂತೂ ದಿನಕ್ಕೆ ನಾಲ್ಕು ಸಲ. "ಅಮ್ಮ, ಐ ಡೋಂಟ್ ಹ್ಯಾವ್ ಫೀವರ್" ಎಂದು ಅವಳು ತಲೆ ಕೊಡವುತ್ತಿದ್ದಳು. 405 ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಾಗ ಆ ಮಧ್ಯಾಹ್ನವನ್ನು ಮೊದಲಿಂದ ನಡೆಸುತ್ತಿದ್ದೆ. ಒಂದೊಂದು ಸಲ ಕೊಳವೆ ತೆಗೆದುಕೊಂಡ ತಕ್ಷಣ ಹೇಳುತ್ತೇನೆ. ಬಹಳ ಸಲ ಹೇಳುವುದೇ ಇಲ್ಲ. ಕೈ ಚಾಚುವುದಿಲ್ಲ, ಹಿಡಿ ಪೂರ್ತಿ ಇಳಿಯುತ್ತದೆ. ಹಿಂದಿನ ಕಾರಿನವರು ಹಾರ್ನ್ ಹೊಡೆದಾಗ ಎಚ್ಚರ.

ಮದ್ದಿನ ಕಾಳು ಒರೆಸಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಎಲ್ಲರೂ ನನ್ನನ್ನು ಕಾಪಾಡಿದವಳು ಎನ್ನುತ್ತಿದ್ದರು. ದೇವಸ್ಥಾನದ ಅದೇ ಗೆಳೆಯರು, ಇನ್ನು ಮೇಲೆ ಹೆಂಡತಿ ಮಾತು ಕೇಳಯ್ಯ ಎಂದು ಇವರನ್ನು ರೇಗಿಸುತ್ತಿದ್ದರು. ಪ್ರತಿ ಸಲವೂ ನಾನು ಏನೋ ನೆಪ ಹೇಳಿ ಅಲ್ಲಿಂದ ಸರಿಯುತ್ತಿದ್ದೆ.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಅವರು ಗ್ಯಾರೇಜಿನಲ್ಲಿ ಏಣಿ ಹುಡುಕುತ್ತಿದ್ದರು. ನಾನು ಹಿಂದೆಯೇ ಹೋಗಿ, ಬೆಡ್‌ಶೀಟ್ ಹೊದ್ದ ಪ್ರೆಸ್ಸಿನ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಬೆಂಚಿನ ಮೇಲೆ ಕಾಳು ಇದ್ದದ್ದು, ಹುಚ್ಚೆಳ್ಳೆಂದು ಒರೆಸಿದ್ದು, ನೀವು ಅದನ್ನು ಕಂಡಿದ್ದರೆ ಆ ಕ್ಷಣವೇ ತಿಳಿದುಕೊಳ್ಳುತ್ತಿದ್ದಿರಿ ಎಂದು. ನನ್ನಿಂದ ನಿಮ್ಮ ಮುಖ ಹೋಗುತ್ತಿತ್ತು ಎಂದು.

ಅವರು ಏಣಿಯನ್ನು ಗೋಡೆಗೆ ಒರಗಿಸಿದರು. ಅದು ನೆಟ್ಟಗೆ ನಿಂತಿದೆಯೇ ಎಂದು ನೋಡಿದರು, ಅಳತೆ ತೆಗೆದುಕೊಳ್ಳುವವರ ಹಾಗೆ.

"ನಾನು ನೋಡ್ದೆ ಕೊಟ್ಟೆ. ನೀನು ನೋಡ್ದೆ ತಗೊಂಡೆ. ಇಬ್ರೂ ಜಿಂಕೆ ನೋಡ್ತಾ ಇದ್ವಿ ಕಣೇ." ಆಮೇಲೆ: "ಕಿವಿ ಆಫ್ ಮಾಡ್ಕೊಂಡಿದ್ದೆ ನಾನು. ಅದನ್ನ ನೆನೆಸ್ಕೊಂಡ್ರೇ ನಂಗೆ ಆಗೋದಿಲ್ಲ. ನೀನು ಕರ್ದಿದ್ದು ಕೇಳಿಸ್ಲಿಲ್ಲ ನಂಗೆ."

ಅವರೂ ಇಷ್ಟು ದಿನ ಅದೇ ಮಧ್ಯಾಹ್ನದಲ್ಲಿ ಇದ್ದರು. ಬೇರೆ ಬಾಗಿಲಿನಿಂದ ಒಳಗೆ ಹೋಗಿದ್ದರು, ಅಷ್ಟೇ. ನನಗೆ ಅದು ಹೊಳೆದೇ ಇರಲಿಲ್ಲ. ಬೆಡ್‌ಶೀಟ್ ತೆಗೆದವರು ಯಾರು ಎಂದು ನೆನಪಿಲ್ಲ. ಜಿಡ್ಡಿನ ಡಬ್ಬಿ ತೆಗೆದಾಗ ಕಂಬಳಿಯ ವಾಸನೆ ಬಂತು.

ವಸಂತದಲ್ಲಿ ರೇಂಜಿಗೆ ಹೋದೆವು. ಸ್ಪರ್ಧೆಗಲ್ಲ, ಸುಮ್ಮನೆ. ತಾತ ಬಂದಿದ್ದರು, ಖಾಲಿಯಲ್ಲದ ಡಬ್ಬಿಯೊಂದಿಗೆ. ಹೊರಡುವ ಮುಂಚೆ ಇವರು ಹೊಸ ನಿಯಮ ಮಾಡಿದ್ದರು: ಪ್ರತಿ ಕೊಳವೆ ಕೈಗೆ ಬಂದಾಗ ಅದು ಹೇಗಿದೆ ಎಂದು ನಾನು ಜೋರಾಗಿ ಹೇಳಬೇಕು. ನಾನು ಹೇಳದೆ ಅವರು ಮುಂದಿನ ತೋಟಾಕ್ಕೆ ಕೈ ಚಾಚುವುದಿಲ್ಲ. ಸ್ಪರ್ಧೆಯಲ್ಲಿ ಇದರಿಂದ ಹೊತ್ತು ಹಾಳು, ಪಕ್ಕದವರು ನಗಬಹುದು ಎಂದು ನಾನೇ ಹೇಳಿದೆ. ನಗಲಿ ಬಿಡು ಎಂದರು.

ಬೆಂಚಿಗೆ ಕೂತು ಅವರು ಕಿವಿಯ ಗುಂಡಿಗೆ ಕೈ ಹಾಕಿದಾಗ ನಾನು ಹಲಗೆಯಿಂದ ಕಣ್ಣೆತ್ತಿದೆ. ಅವರು ಅದನ್ನು ನನಗೆ ಕಾಣುವ ಹಾಗೆ, ಮಾತು ಕೇಳಿಸುವ ಕಡೆಗೆ ತಿರುಗಿಸಿದರು. ಮೊದಲ ಗುಂಡು ಹೊಡೆದರು. ಎಡಗೈ ಹಿಂದಕ್ಕೆ ಬಂತು. ಮಂಜು ಇನ್ನೂ ಬಿಟ್ಟಿರಲಿಲ್ಲ, ನನ್ನ ಬೆರಳುಗಳು ಮರಗಟ್ಟಿದ್ದವು. ಕೊಳವೆಯನ್ನು ತೆಗೆದುಕೊಂಡು ತಳ ನೋಡಿದೆ, ಗುಳಿ ಇತ್ತು. ಮುಷ್ಟಿ ಮುಚ್ಚಿದೆ.

"ಬೆಚ್ಚಗಿದೆ" ಎಂದೆ.

ಅವರು ಕಣ್ಣನ್ನು ದುರ್ಬೀನಿನಿಂದ ತೆಗೆಯಲಿಲ್ಲ. "ಹ್ಞೂಂ" ಎಂದು ಮತ್ತೆ ಕೈ ಚಾಚಿದರು.